ಐಸ್ ಹಾಕಿಯಲ್ಲಿ ಲೈನ್ ಕಟ್ಟುವುದು ಹೇಗೆ, ಎದುರಾಳಿ ಸ್ಟಾರ್ ಮೇಲೆ ಯಾರನ್ನು ಬಿಡಬೇಕು ಅಂತ ಕೋಚ್ ಹೇಗೆ ತೀರ್ಮಾನ ಮಾಡುತ್ತಾರೆ?

ಕೊಡಗಿನ ಸ್ಟಿಕ್:
ಎಲ್ಲರಿಗೂ ನಮಸ್ಕಾರ. ನಾನು ಮೈದಾನದ ಹಾಕಿ ಆಡಿ ಬೆಳೆದವನು, ಈಗ ಕೆಲಸ ಕ್ಯಾಲ್ಗರಿಯಲ್ಲಿ. ಆಫೀಸಿನವರ ಜೊತೆ ಕೂತು ಎನ್‌ಎಚ್‌ಎಲ್ (ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್) ನೋಡುವ ಅಭ್ಯಾಸ ಆಗಿದೆ. ಆಟ ಅರ್ಥ ಆಗುತ್ತದೆ, ಆದರೆ ಬೆಂಚಿನಲ್ಲಿ ಏನು ನಡೆಯುತ್ತದೆ ಅನ್ನುವುದು ಮಾತ್ರ ತಲೆಗೆ ಹತ್ತುತ್ತಿಲ್ಲ. ನಮ್ಮ ಹಾಕಿಯಲ್ಲೂ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆದರೆ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಹೋಗಿ ಬರುತ್ತಾರೆ. ಇಲ್ಲಿ ಮೂರು ಜನ ಒಟ್ಟಿಗೆ ಇಳಿಯುತ್ತಾರೆ, ಉಸಿರು ಬಿಡುವಷ್ಟರಲ್ಲಿ ಮೂರೂ ಜನ ವಾಪಸ್. ಆ ಮೂವರನ್ನು ಯಾವ ಲೆಕ್ಕದಲ್ಲಿ ಸೇರಿಸುತ್ತಾರೆ? ಮತ್ತೆ ಕಾಮೆಂಟರಿಯಲ್ಲಿ ಪದೇ ಪದೇ ‘ಮ್ಯಾಚಪ್, ಮ್ಯಾಚಪ್’ ಅನ್ನುತ್ತಾರಲ್ಲ, ಅಂದರೆ ಅವರ ಇಂಥವರ ಎದುರು ನಮ್ಮ ಇಂಥವರು ಅಂತ, ಇಷ್ಟು ವೇಗದ ಆಟದಲ್ಲಿ ಅದನ್ನು ನಿಜವಾಗಿ ಮಾಡಲು ಆಗುತ್ತದಾ ಅಥವಾ ಟೀವಿಯವರು ಸುಮ್ನೆ ಹೇಳುವುದಾ?

ಬ್ಲೂಲೈನ್ ಭಟ್:
ಕೊಡಗಿನವರಿಗೆ ನಾವು ಹಾಕಿ ಹೇಳಿಕೊಡಬೇಕಾ ಮಾರಾಯ್ರೆ, ಕಾಲ ಕೆಟ್ಟಿತು!

ಮೊದಲು ಲೆಕ್ಕ. ಪಂದ್ಯಕ್ಕೆ 20 ಜನ ಡ್ರೆಸ್ ಆಗುತ್ತಾರೆ, ಅದರಲ್ಲಿ ಇಬ್ಬರು ಗೋಲಿ, ಅಂದರೆ ಗೋಲ್‌ಕೀಪರ್. ಉಳಿದ 18ರಲ್ಲಿ ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್. ಅಂದರೆ ಮೂರು ಮೂರು ಜನರ ನಾಲ್ಕು ಲೈನ್, ಇಬ್ಬಿಬ್ಬರ ಮೂರು ಜೋಡಿ. ಒಂದು ಶಿಫ್ಟ್, ಅಂದರೆ ಇಳಿದು ವಾಪಸ್ ಬರುವ ತನಕ, ಸುಮಾರು 45 ಸೆಕೆಂಡ್. ಅದಕ್ಕಿಂತ ಜಾಸ್ತಿ ನಿಂತರೆ ಕಾಲು ಸೋಲುತ್ತದೆ, ಕಾಲು ಸೋತವನು ತಪ್ಪು ಪಾಸ್ ಕೊಡುತ್ತಾನೆ.

ಹಳೇ ಪದ್ಧತಿ ಹೀಗಿತ್ತು: ಮೊದಲ ಎರಡು ಲೈನ್ ಗೋಲು ಹೊಡೆಯಲು, ಮೂರನೆಯದು ಎದುರಾಳಿಯನ್ನು ತಡೆಯಲು, ನಾಲ್ಕನೆಯದು ಮೈಮೇಲೆ ಬಿದ್ದು ಆಡಲು. ಈಗ ಅಷ್ಟು ಗೆರೆ ಎಳೆದ ಹಾಗೆ ಇಲ್ಲ, ಆದರೆ ಬುನಾದಿ ಅದೇ. ಒಂದು ಲೈನಿನೊಳಗೆ ಮೂರು ಕೆಲಸ ಆಗಬೇಕು: ಒಬ್ಬ ಪಾಸ್ ಕೊಡಬೇಕು, ಒಬ್ಬ ಶಾಟ್ ಹೊಡೆಯಬೇಕು, ಒಬ್ಬ ಮೂಲೆಗೆ ನುಗ್ಗಿ ಬೋರ್ಡಿನ (ಅಂಗಳದ ಸುತ್ತಲಿನ ಗೋಡೆ) ಹತ್ತಿರ ಗುದ್ದಾಡಿ ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಕಿತ್ತು ತರಬೇಕು. ಮೂರು ಶೂಟರ್‌ಗಳನ್ನು ಸೇರಿಸಿದರೆ ಮೂವರೂ ಪಕ್ ಬರಲಿ ಅಂತ ಕಾಯುತ್ತಾ ನಿಂತಿರುತ್ತಾರೆ. ಇದರ ಜೊತೆ ನಾಲ್ಕನೆಯ ಕೆಲಸ ಒಂದಿದೆ, ಅದು ಟೀವಿಯಲ್ಲಿ ಕಾಣುವುದೇ ಇಲ್ಲ. ಇಬ್ಬರು ಒಳಗೆ ನುಗ್ಗಿದಾಗ ಮೂರನೆಯವನು ಮೇಲೆ, ಬ್ಲೂಲೈನ್ (ಎದುರಿನವರ ವಲಯದ ಗಡಿ ಗೆರೆ) ಕಡೆಗೆ ಉಳಿಯಬೇಕು. ಪಕ್ ಕೈತಪ್ಪಿದರೆ ಮೊದಲು ವಾಪಸ್ ಓಡುವವನು ಅವನೇ. ಆ ಬುದ್ಧಿ ಇಲ್ಲದ ಮೂವರನ್ನು ಸೇರಿಸಿದರೆ ಹೊಡೆದಷ್ಟೇ ಗೋಲು ತಿನ್ನುತ್ತಾರೆ. ಎಡ್ಮಂಟನ್‌ನಲ್ಲಿ ದಿಗ್ಗಜ ಗ್ರೆಟ್ಸ್ಕಿ ಪಕ್ಕ ಯಾರಿ ಕುರ್ರಿ ಆಡುತ್ತಿದ್ದ. ಅವನ ಶಾಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅವನು ವಾಪಸ್ ಓಡುವುದರಲ್ಲೂ ಗಟ್ಟಿ. ಅದಕ್ಕೇ ಗ್ರೆಟ್ಸ್ಕಿಗೆ ಅಷ್ಟು ಸ್ವಾತಂತ್ರ್ಯ ಸಿಕ್ಕಿದ್ದು ಅಂತ ನನ್ನ ಅಭಿಪ್ರಾಯ.

ಎಡಗೈ ಬಲಗೈ ವಿಷಯವೂ ಇದೆ. ಫೇಸ್ಆಫ್‌ನಲ್ಲಿ, ಅಂದರೆ ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವಾಗ, ಸೆಂಟರ್ (ಲೈನಿನ ಮಧ್ಯದವನು) ಪಕ್ಕನ್ನು ಬ್ಯಾಕ್‌ಹ್ಯಾಂಡಿನಲ್ಲಿ ಎಳೆಯಲು ಒಂದು ಬದಿಯ ವೃತ್ತದಲ್ಲಿ ಸುಲಭ, ಇನ್ನೊಂದು ಬದಿಯಲ್ಲಿ ಕಷ್ಟ. ಅದಕ್ಕೆ ಕೆಲವು ಕೋಚ್‌ಗಳು ಒಂದೇ ಲೈನಿನಲ್ಲಿ ಒಬ್ಬ ಎಡಗೈ ಸೆಂಟರ್, ಒಬ್ಬ ಬಲಗೈ ಸೆಂಟರ್ ಇಡುತ್ತಾರೆ. ಒಬ್ಬನನ್ನು ಲೈನ್ಸ್‌ಮನ್ ವೃತ್ತದಿಂದ ಹೊರಗೆ ಕಳಿಸಿದರೆ ಇನ್ನೊಬ್ಬ ರೆಡಿ.

ಮ್ಯಾಚಪ್ ಬಗ್ಗೆ ಊಟ ಮುಗಿಸಿ ಬರೆಯುತ್ತೇನೆ.

ಎಡ್ಮಂಟನ್ ಸೊಸೆ:
ಭಟ್ರೇ, ಈಗ ಕೋಚ್‌ಗಳು ಮೂವರ ಬದಲು ಇಬ್ಬರ ಲೆಕ್ಕದಲ್ಲಿ ಯೋಚಿಸುತ್ತಾರೆ, ಅದನ್ನೂ ಹೇಳಿ. ಬಾಸ್ಟನ್‌ನಲ್ಲಿ ಬರ್ಜರಾನ್ ಮತ್ತು ಮಾರ್ಶಾಂಡ್ ವರ್ಷಗಟ್ಟಲೆ ಜೋಡಿ. ಬಲಗಡೆ ಪಾಸ್ಟ್ರ್ನಾಕ್ ಇದ್ದಾಗ ಅದು ಲೀಗಿನಲ್ಲೇ ಮೇಲಿನ ಲೈನ್. ಆದರೆ 2022-23ರಲ್ಲಿ ಪಾಸ್ಟ್ರ್ನಾಕ್‌ನನ್ನು ಕ್ರೇಚಿ, ಝಾಖಾ ಜೊತೆ ಎರಡನೇ ಲೈನಿಗೆ ಹಾಕಿದರು, ಮೂರೂ ಜನ ಚೆಕ್ ದೇಶದವರು. ಬರ್ಜರಾನ್ ಜೋಡಿಗೆ ಡಿಬ್ರಸ್ಕ್ ಬಂದ. ಆ ವರ್ಷ 65 ಪಂದ್ಯ ಗೆದ್ದು ದಾಖಲೆ ಮಾಡಿದರು. ಗಟ್ಟಿಯಾದ ಜೋಡಿ ಇದ್ದರೆ ಮೂರನೆಯವನನ್ನು ಅತ್ತಿತ್ತ ಮಾಡಬಹುದು.

(ಆಮೇಲೆ ಪ್ಲೇಆಫ್, ಅಂದರೆ ನಾಕೌಟ್ ಹಂತದ ಮೊದಲ ಸುತ್ತಿನಲ್ಲೇ ಫ್ಲೋರಿಡಾ ಕೈಲಿ ಸೋತರು ಅನ್ನುವುದು ಬೇರೆ ಮಾತು.)

ಬ್ಲೂಲೈನ್ ಭಟ್:
ಸರಿ, ಈಗ ಮ್ಯಾಚಪ್. ಟೀವಿಯವರು ಸುಮ್ನೆ ಹೇಳುವುದಲ್ಲ, ನಿಯಮದಲ್ಲೇ ಇದೆ. ಆಟ ನಿಂತಾಗ ಹೊರ ಊರಿನ ತಂಡ ಮೊದಲು ತನ್ನ ಆಟಗಾರರನ್ನು ಇಳಿಸಬೇಕು. ಅದನ್ನು ನೋಡಿಕೊಂಡು ತವರಿನ ತಂಡ ಬದಲಾವಣೆ ಮಾಡುತ್ತದೆ. ಇದಕ್ಕೇ ಲಾಸ್ಟ್ ಚೇಂಜ್ ಅನ್ನುವುದು. ಎದುರಿನವರ ಮೊದಲ ಲೈನ್ ಇಳಿದರೆ ನನ್ನ ತಡೆಯುವ ಲೈನ್, ಅವರ ನಾಲ್ಕನೇ ಲೈನ್ ಇಳಿದರೆ ನನ್ನ ಗೋಲು ಹೊಡೆಯುವವರು.

ಹೊರ ಊರಿನ ಕೋಚ್ ಏನು ಮಾಡಬೇಕು ಹಾಗಾದರೆ? ಆಟ ನಡೆಯುವಾಗಲೇ ಬದಲಿಸಬೇಕು. ಒಮ್ಮೆ ನನಗೆ ಹೊರ ಊರಿನವರ ಬೆಂಚಿನ ಪಕ್ಕದಲ್ಲೇ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಸೀಟು ಸಿಕ್ಕಿತ್ತು. ಆ ದಿನ ಪಕ್ ನೋಡಿದ್ದಕ್ಕಿಂತ ಬೆಂಚ್ ನೋಡಿದ್ದೇ ಜಾಸ್ತಿ. ಹೆಡ್ ಕೋಚ್ ಫಾರ್ವರ್ಡ್‌ಗಳ ಹಿಂದೆ, ಒಬ್ಬ ಅಸಿಸ್ಟೆಂಟ್ ಡಿಫೆನ್ಸಿನವರ ಬಾಗಿಲ ಹತ್ತಿರ. ಆ ಅಸಿಸ್ಟೆಂಟ್ ಕಣ್ಣು ಪೂರ್ತಿ ಪಕ್ಕದ ಬೆಂಚಿನ ಮೇಲೆ: ಅಲ್ಲಿ ಯಾರು ಎದ್ದು ನಿಂತರು, ಯಾರು ಬೋರ್ಡಿನ ಮೇಲೆ ಕಾಲು ಹಾಕಿದರು. ಮಧ್ಯದ ಫೇಸ್ಆಫ್‌ಗೆ ಇವರು ಒಂದು ಲೈನ್ ಕಳಿಸಿದರು. ತವರಿನವರು ಅದಕ್ಕೆ ತಕ್ಕ ಲೈನ್ ಇಳಿಸಿದರು. ಪಕ್ ಬಿತ್ತು, ಇವರ ಸೆಂಟರ್ ಅದನ್ನು ಎದುರಿನವರ ವಲಯಕ್ಕೆ ತಳ್ಳಿ ನೇರ ಬೆಂಚಿಗೆ ಬಂದ, ಹಿಂದೆಯೇ ಇಬ್ಬರು ವಿಂಗರ್. ಆ ಕ್ಷಣಕ್ಕೆ ಬೇರೆ ಮೂವರು ಬೋರ್ಡ್ ಹಾರಿದ್ದರು. ಹತ್ತು ಸೆಕೆಂಡಿನಲ್ಲಿ ತವರಿನ ಕೋಚ್‌ನ ಆಯ್ಕೆ ನೀರುಪಾಲು.

ಇನ್ನೊಂದು, ಎರಡನೇ ಅವಧಿಯನ್ನು ಬೇರೆಯಾಗಿ ನೋಡಿ. ಬದಿ ಬದಲಾಗಿರುತ್ತದೆ, ಹಾಗಾಗಿ ನಮ್ಮ ಗೋಲಿನಿಂದ ನಮ್ಮ ಬೆಂಚು ದೂರ. ಸುಸ್ತಾದ ಐವರು ತಮ್ಮ ವಲಯದಲ್ಲೇ ಸಿಕ್ಕಿಹಾಕಿಕೊಂಡರೆ ಬದಲಿಸಲು ದಾರಿಯೇ ಇಲ್ಲ. ಹೇಗಾದರೂ ಮಾಡಿ ಪಕ್ಕನ್ನು ಉದ್ದಕ್ಕೆ ಆ ತುದಿಗೆ ಹೊಡೆದು (ಇದೇ ಐಸಿಂಗ್) ಆಟ ನಿಲ್ಲಿಸಿದರೂ ಉಪಯೋಗ ಇಲ್ಲ. 2005-06ರಿಂದ ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವ ಹಾಗಿಲ್ಲ. ಎದುರಿನ ಕೋಚ್ ಆಗ ತನ್ನ ಅತಿ ಒಳ್ಳೆಯ ಲೈನ್ ಇಳಿಸುತ್ತಾನೆ. ನಿಜವಾದ ಮ್ಯಾಚಪ್ ಅಂದರೆ ಇದೇ, ದಣಿದವರ ಮೇಲೆ ದಣಿಯದವರು.

ನಾಲ್ಕನೇ ಲೈನ್:
ಭಟ್ರೇ, ಒಂದು ತಕರಾರು. ಮ್ಯಾಚಪ್ ಹುಚ್ಚು ಹಿಡಿದ ಕೋಚ್‌ಗಳನ್ನು ನೋಡಿ ನೋಡಿ ಸಾಕಾಗಿದೆ. ಎದುರಿನವರ ಸೆಂಟರ್ ಎದ್ದರೆ ಇವರ ಸೆಂಟರ್ ಏಳುತ್ತಾನೆ, ಅವನು ಕೂತರೆ ಇವನೂ ಕೂರುತ್ತಾನೆ. ನಮ್ಮ ಆಟದ ಲಗಾಮು ಅವರ ಕೈಗೆ ಕೊಟ್ಟ ಹಾಗೆ ಆಗಲಿಲ್ವಾ? ನಮ್ಮ ನಾಲ್ಕನೇ ಲೈನ್ ಹತ್ತು ನಿಮಿಷ ಬೆಂಚಿನಲ್ಲೇ ತಣ್ಣಗಾಗುತ್ತದೆ. ಆಮೇಲೆ ಇಳಿದಾಗ ಕಾಲು ಏಳುವುದಿಲ್ಲ, ಮೊದಲ ಶಿಫ್ಟಿನಲ್ಲೇ ಗೋಲು ತಿಂದರೆ ಬೈಗುಳ ಮಾತ್ರ ಅವರಿಗೇ. ನಾಲ್ಕೂ ಲೈನನ್ನು ಸರದಿ ಪ್ರಕಾರ ಬಿಡಿ, ಎದುರಿನವನೇ ನಮ್ಮ ಹಿಂದೆ ಓಡಲಿ. ಸೋವಿಯತ್ ತಂಡ ಮಾಡಿದ್ದು ಅದನ್ನೇ ಅಲ್ವಾ? ಐದೈದು ಜನರ ಘಟಕ, ಕ್ರುಟೊವ್, ಲಾರಿಯೊನೊವ್, ಮಕಾರೊವ್ ಮುಂದೆ, ಫೆಟಿಸೊವ್, ಕಸಟೊನೊವ್ ಹಿಂದೆ. ಯಾವಾಗಲೂ ಅದೇ ಐವರು. ಎದುರಿಗೆ ಯಾರಿದ್ದಾರೆ ಅಂತ ಅವರು ತಲೆಕೆಡಿಸಿಕೊಂಡವರಲ್ಲ.

ಹಳೇ ರೆಡ್‌ವಿಂಗ್:
ಸೋವಿಯತ್ ತಂಡದವರು ವರ್ಷದ ಬಹುಪಾಲು ಒಂದೇ ಕ್ಯಾಂಪಿನಲ್ಲಿ ಇರುತ್ತಿದ್ದರು ಸ್ವಾಮಿ, ಅವರಿಗೆ ಕಣ್ಣು ಮುಚ್ಚಿಕೊಂಡು ಪಾಸ್ ಕೊಡಲು ಬರುತ್ತಿತ್ತು. ಎನ್‌ಎಚ್‌ಎಲ್‌ನಲ್ಲಿ ಟ್ರೇಡು (ತಂಡಗಳ ನಡುವೆ ಆಟಗಾರರ ಅದಲುಬದಲು), ಗಾಯ, ಸಂಬಳದ ಮಿತಿ ಎಲ್ಲ ಸೇರಿ ಒಂದು ಲೈನ್ ಒಂದು ವರ್ಷ ಉಳಿದರೆ ಪುಣ್ಯ. ಆದರೂ ಡೆಟ್ರಾಯ್ಟ್‌ನಲ್ಲಿ ಸ್ಕಾಟಿ ಬೋಮನ್ 1995ರಲ್ಲಿ ಐದು ಜನ ರಷ್ಯನ್ನರನ್ನು ಒಟ್ಟಿಗೆ ಇಳಿಸಿದ್ದು ನಿಜ: ಫೆಡೊರೊವ್, ಲಾರಿಯೊನೊವ್, ಕೊಜ್ಲೊವ್, ಫೆಟಿಸೊವ್, ಕಾನ್‌ಸ್ಟಾಂಟಿನೊವ್. ನಾನು ಆಗ ಅಲ್ಲಿ ಓದುತ್ತಿದ್ದೆ. ಆ ಐವರ ಆಟ ನೋಡುವುದೇ ಒಂದು ಹಬ್ಬ.

ಆದರೆ ಮ್ಯಾಚಪ್ ವಿಷಯಕ್ಕೆ ನನ್ನ ಉದಾಹರಣೆ 1997ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ಕಪ್) ಫೈನಲ್. ಎದುರಿಗೆ ಫಿಲಡೆಲ್ಫಿಯಾ. ಅವರ ಮೊದಲ ಲೈನ್ ಎರಿಕ್ ಲಿಂಡ್ರೋಸ್, ಜಾನ್ ಲೆಕ್ಲೇರ್, ಮಿಕಾಯೆಲ್ ರೆನ್‌ಬರ್ಗ್. ಮೂವರೂ ದೈತ್ಯರು, ‘ಲೀಜನ್ ಆಫ್ ಡೂಮ್’ ಅಂತಲೇ ಹೆಸರು. ಇವರನ್ನು ಗುದ್ದಿ ತಡೆಯಲು ಬೋಮನ್ ಕಾನ್‌ಸ್ಟಾಂಟಿನೊವ್‌ನನ್ನು ಬಿಡುತ್ತಾನೆ ಅಂತ ಎಲ್ಲರ ಊಹೆ, ಗುದ್ದುವುದರಲ್ಲಿ ಅವನನ್ನು ಮೀರಿದವರಿಲ್ಲ. ಬೋಮನ್ ಬಿಟ್ಟಿದ್ದು ಯಾರನ್ನು? ನಿಕ್ಲಾಸ್ ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿ. ಇಬ್ಬರೂ ಗುದ್ದುವವರಲ್ಲ, ತಲೆ ಓಡಿಸಿ ಆಡುವವರು. ಫಿಲಡೆಲ್ಫಿಯಾದವರು ಪಕ್ಕನ್ನು ಮೂಲೆಗೆ ಹೊಡೆದು ಹಿಂದೆ ನುಗ್ಗಿ ಬರುವಷ್ಟರಲ್ಲಿ ಇವರು ಅದನ್ನು ಎತ್ತಿ ಪಾಸ್ ಕೊಟ್ಟು ಆಗಿರುತ್ತಿತ್ತು. ಗುದ್ದಲು ಬಂದವನಿಗೆ ಸಿಗುತ್ತಿದ್ದದ್ದು ಬರೀ ಗಾಳಿ. ಡೆಟ್ರಾಯ್ಟ್ ನಾಲ್ಕೂ ಪಂದ್ಯ ಗೆದ್ದು 4-0. ಲಿಂಡ್ರೋಸ್‌ಗೆ ಇಡೀ ಫೈನಲ್‌ನಲ್ಲಿ ಸಿಕ್ಕಿದ್ದು ಒಂದೇ ಗೋಲು, ಅದೂ ನಾಲ್ಕನೇ ಪಂದ್ಯದ ಕೊನೇ ಗಳಿಗೆಯಲ್ಲಿ.

ಸ್ಟಾರ್ ಆಟಗಾರನ ಕೈಗೆ ಪಕ್ಕೇ ಸಿಗದ ಹಾಗೆ ನೋಡಿಕೊಂಡರೆ ಅವನನ್ನು ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಈಗಲೂ ಎಷ್ಟೋ ಕೋಚ್‌ಗಳು ಒಪ್ಪುವುದಿಲ್ಲ, ಆರು ಅಡಿ ಐದಿಂಚಿನ ಆಸಾಮಿಯನ್ನೇ ಹುಡುಕುತ್ತಾರೆ.

ಕೊಡಗಿನ ಸ್ಟಿಕ್:
ಇದು ಸಖತ್ತಾಗಿದೆ. ಅಂದರೆ ಮ್ಯಾಚಪ್ ಅಂದ ಕೂಡಲೇ ಫಾರ್ವರ್ಡ್‌ಗೆ ಫಾರ್ವರ್ಡ್ ಅಂತ ಅಲ್ಲ, ಫಾರ್ವರ್ಡ್ ಲೈನಿಗೆ ಡಿಫೆನ್ಸ್ ಜೋಡಿ?

ಹಳೇ ರೆಡ್‌ವಿಂಗ್:
ಎರಡೂ ಮಾಡುತ್ತಾರೆ. ಆದರೆ ಡಿಫೆನ್ಸ್ ಜೋಡಿ ಮಾಡುವುದು ಸುಲಭ. ಜೋಡಿ ಇರುವುದೇ ಮೂರು, ಮೊದಲ ಜೋಡಿಯವರು 22-25 ನಿಮಿಷ ಆಡುತ್ತಾರೆ. ಹಾಗಾಗಿ ಎದುರಿನ ಸ್ಟಾರ್ ಇಳಿದಾಗಲೆಲ್ಲ ಅವರೂ ಇಳಿಯುವ ಹಾಗೆ ನೋಡಿಕೊಳ್ಳಬಹುದು. ಫಾರ್ವರ್ಡ್ ಲೈನ್ ನಾಲ್ಕು ಇವೆ, ಅವನ್ನು ಎಳೆದಾಡಲು ಹೋದರೆ ನಾಲ್ಕನೇ ಲೈನ್ ಅವರು ಹೇಳಿದ ತೊಂದರೆ ಬಂದೇ ಬರುತ್ತದೆ. ಅಲ್ಲಿ ಅವರ ಮಾತು ಸರಿ.

ನಾಲ್ಕನೇ ಲೈನ್:
ಬದುಕಿಕೊಂಡೆ.

ವ್ಯಾಂಕೂವರ್ ವಾಸು:
ನಮ್ಮ ಕನಕ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. 2010-11ರಲ್ಲಿ ನಮ್ಮ ಕೋಚ್ ಅಲೆನ್ ವಿನ್ಯೋ ಮಾಡಿದ್ದು ಇನ್ನೊಂದು ಥರ. ಯಾರ ಎದುರು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಎದುರಿನವರ ವಲಯದಲ್ಲಿ ಫೇಸ್ಆಫ್ ಇದ್ದರೆ ಸೆಡೀನ್ ಅವಳಿಗಳು. ನಮ್ಮ ವಲಯದಲ್ಲಿ ಫೇಸ್ಆಫ್ ಇದ್ದರೆ ಮ್ಯಾನಿ ಮಲ್ಹೋತ್ರ. ಮಲ್ಹೋತ್ರ ಅಪ್ಪ ಪಂಜಾಬಿನವರು, ನಮ್ಮ ದೇಸಿಗಳಿಗೆಲ್ಲ ಅವನ ಮೇಲೆ ವಿಶೇಷ ಪ್ರೀತಿ. ಅವನು ಫೇಸ್ಆಫ್ ಗೆದ್ದು ಪಕ್ ಹೊರಗೆ ಹಾಕುತ್ತಿದ್ದ, ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಆ ಸೀಸನ್ನಿನಲ್ಲಿ ಡ್ಯಾನಿಯಲ್ ಸೆಡೀನ್‌ಗೆ ಆರ್ಟ್ ರಾಸ್ ಟ್ರೋಫಿ, ಅದು ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿದವನಿಗೆ. ಅದರಲ್ಲಿ ಮಲ್ಹೋತ್ರನಿಗೂ ಪಾಲು ಇದೆ ಅಂತ ನಾನು ಹೇಳುತ್ತೇನೆ. ಮಾರ್ಚ್ 2011ರಲ್ಲಿ ಅವನ ಕಣ್ಣಿಗೆ ಪಕ್ ಬಡಿಯಿತು, ಆಮೇಲೆ ತಂಡ ಅದೇ ತಂಡವಾಗಿ ಉಳಿಯಲಿಲ್ಲ. ಫೈನಲ್ ಬಗ್ಗೆ ಕೇಳಬೇಡಿ.

ಬ್ಲೂಲೈನ್ ಭಟ್:
ವಾಸು ಹೇಳಿದ್ದು ಒಳ್ಳೆಯ ಉದಾಹರಣೆ. ನಾನು ಇನ್ನೊಂದು ಸೇರಿಸುತ್ತೇನೆ, ಮ್ಯಾಚಪ್ ಒಡೆಯುವುದು ಹೇಗೆ ಅನ್ನುವುದಕ್ಕೆ.

2010ರ ಫೈನಲ್, ಶಿಕಾಗೊ ಮತ್ತು ಫಿಲಡೆಲ್ಫಿಯಾ. ಶಿಕಾಗೊ ಮೊದಲ ಲೈನ್ ಟೇವ್ಸ್, ಕೇನ್, ಬಫ್ಲಿನ್. ಫಿಲಡೆಲ್ಫಿಯಾ ಕೈಲಿ ಕ್ರಿಸ್ ಪ್ರಾಂಗರ್, ಉದ್ದ ತೋಳು, ಉದ್ದ ಸ್ಟಿಕ್, ಕೊಂಕು ಬುದ್ಧಿ. ಆ ಲೈನ್ ಇಳಿದಾಗಲೆಲ್ಲ ಪ್ರಾಂಗರ್ ಇಳಿಯುತ್ತಿದ್ದ, ಮೂವರೂ ಕಟ್ಟಿಹಾಕಿದ ಹಾಗಾಗಿದ್ದರು. ನಾಲ್ಕು ಪಂದ್ಯ ಮುಗಿದಾಗ 2-2. ಐದನೇ ಪಂದ್ಯ ಶಿಕಾಗೊದಲ್ಲಿ, ಲಾಸ್ಟ್ ಚೇಂಜ್ ಅವರದೇ. ಕೋಚ್ ಜೋಯಲ್ ಕ್ವೆನ್‌ವಿಲ್ ಏನು ಮಾಡಿದ ಗೊತ್ತಾ? ತನ್ನ ಅತಿ ದೊಡ್ಡ ಲೈನನ್ನೇ ಒಡೆದುಬಿಟ್ಟ. ಮೂವರನ್ನು ಮೂರು ಬೇರೆ ಬೇರೆ ಲೈನಿಗೆ ಹಾಕಿದ. ಪ್ರಾಂಗರ್ ಒಬ್ಬನೇ, ಈಗ ಯಾರ ಹಿಂದೆ ಹೋಗಬೇಕು? ಒಬ್ಬನನ್ನು ಹಿಡಿದರೆ ಇಬ್ಬರು ಬಿಡುವಾಗುತ್ತಾರೆ. ಶಿಕಾಗೊ 7-4 ಗೆದ್ದಿತು, ಬಫ್ಲಿನ್ ಎರಡು ಗೋಲು ಹೊಡೆದ, ಪ್ರಾಂಗರ್ ಮೈನಸ್ 5, ಅಂದರೆ ಅವನು ಐಸ್ ಮೇಲಿದ್ದಾಗ ತಂಡ ಹೊಡೆದದ್ದಕ್ಕಿಂತ ಐದು ಗೋಲು ಜಾಸ್ತಿ ತಿಂದಿತು. ಮುಂದಿನ ಪಂದ್ಯದಲ್ಲಿ ಕೇನ್ ಓವರ್‌ಟೈಮ್ ಗೋಲು, ಕಪ್ ಶಿಕಾಗೊಗೆ.

ಫೈನಲ್‌ನಲ್ಲಿ ಮೊದಲ ಲೈನನ್ನೇ ಒಡೆಯುವುದಕ್ಕೆ ಧೈರ್ಯ ಬೇಕು. ಸೋತಿದ್ದರೆ ಮಾರನೇ ದಿನ ಪೇಪರಿನವರು ಅವನನ್ನು ಹುರಿದು ತಿನ್ನುತ್ತಿದ್ದರು.

ಎಡ್ಮಂಟನ್ ಸೊಸೆ:
ನಮ್ಮ ಊರಿನ ನಿತ್ಯದ ಜಗಳವೂ ಇದೇ. ನಮ್ಮ ಇಬ್ಬರು ಸ್ಟಾರ್, ಮೆಕ್‌ಡೇವಿಡ್, ಡ್ರೈಸೈಟಲ್ ಒಟ್ಟಿಗೆ ಇರಬೇಕಾ, ಬೇರೆ ಬೇರೆಯಾ? ನಮ್ಮ ಮನೆಯಲ್ಲಿ ಗಂಡ ಒಟ್ಟಿಗೆ ಅನ್ನುತ್ತಾರೆ, ನಾನು ಬೇರೆ ಅನ್ನುತ್ತೇನೆ, ಮಾವ ಇಬ್ಬರಿಗೂ ಏನೂ ಗೊತ್ತಿಲ್ಲ ಅನ್ನುತ್ತಾರೆ. ಒಟ್ಟಿಗೆ ಹಾಕಿದರೆ ಗೋಲು ಬರುತ್ತದೆ ನಿಜ, ಆದರೆ ಎದುರಿನ ಕೋಚ್‌ಗೆ ಕೆಲಸ ಸಲೀಸು. ತನ್ನ ಒಳ್ಳೆಯ ಐವರನ್ನು ಅವರ ಮೇಲೆ ಬಿಟ್ಟರಾಯಿತು, ಉಳಿದ ಮೂರು ಲೈನ್ ಬಗ್ಗೆ ಚಿಂತೆ ಇಲ್ಲ.

2024ರ ಫೈನಲ್ ನೋಡಿ. ಫ್ಲೋರಿಡಾ ಕೋಚ್ ಪಾಲ್ ಮಾರಿಸ್ ಕೈಲಿ ಬಾರ್ಕೊವ್. ತಡೆಯುವುದರಲ್ಲಿ ಮೇಲಾದ ಫಾರ್ವರ್ಡ್‌ಗೆ ಕೊಡುವ ಸೆಲ್ಕೆ ಟ್ರೋಫಿ ಆ ವರ್ಷ ಅವನಿಗೇ. ಹಿಂದೆ ಫೋರ್ಸ್‌ಲಿಂಗ್, ಎಕ್‌ಬ್ಲಾಡ್ ಜೋಡಿ. ಮೊದಲ ಮೂರು ಪಂದ್ಯ ಅವರದು. ಆಮೇಲೆ ನಾಲ್ಕು ಮತ್ತು ಐದನೇ ಪಂದ್ಯದಲ್ಲಿ ಮೆಕ್‌ಡೇವಿಡ್ ನಾಲ್ಕು ನಾಲ್ಕು ಪಾಯಿಂಟ್ ಹೊಡೆದ! ಐದನೇ ಪಂದ್ಯ ಫ್ಲೋರಿಡಾದಲ್ಲೇ ನಡೆದದ್ದು, ಲಾಸ್ಟ್ ಚೇಂಜ್ ಅವರ ಕೈಲೇ ಇತ್ತು. ಏನು ಪ್ರಯೋಜನ ಆಯಿತು? ನಮ್ಮ ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಿನವರಿಗೆ ಆಟಗಾರ ಕಡಿಮೆ ಇದ್ದಾಗ) ಪೆರಿಗೆ ಅವನು ಕೊಟ್ಟ ಪಾಸ್ ಇದೆಯಲ್ಲ, ಅಲ್ಲಿಗೆ ಯಾವ ಮ್ಯಾಚಪ್ಪೂ ಬರುವುದಿಲ್ಲ. ಪೆನಾಲ್ಟಿ ಬಿದ್ದ ಕೂಡಲೇ ಕೋಚ್ ಬರೆದಿಟ್ಟ ಚೀಟಿ ಕಸದ ಬುಟ್ಟಿಗೆ.

ಆದರೆ ಒಪ್ಪಬೇಕು, ಆರು ಮತ್ತು ಏಳನೇ ಪಂದ್ಯದಲ್ಲಿ ಮೆಕ್‌ಡೇವಿಡ್‌ಗೆ ಒಂದೂ ಪಾಯಿಂಟ್ ಇಲ್ಲ. ಆರನೆಯದನ್ನು ನಾವು 5-1 ಗೆದ್ದೆವು, ಏಳನೆಯದನ್ನು 2-1 ಸೋತೆವು. ಡ್ರೈಸೈಟಲ್ ಏಳು ಪಂದ್ಯದಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮಿತ್ ಟ್ರೋಫಿಯನ್ನು ಸೋತ ತಂಡದಲ್ಲಿದ್ದೂ ಮೆಕ್‌ಡೇವಿಡ್‌ಗೆ ಕೊಟ್ಟರು, ಅವನು ತೆಗೆದುಕೊಳ್ಳಲು ಹೊರಗೇ ಬರಲಿಲ್ಲ. ಸರಿ ಮಾಡಿದ.

ನಾಲ್ಕನೇ ಲೈನ್:
ಅಕ್ಕಾ, ಮುಂದಿನ ವರ್ಷದ್ದೂ ಹೇಳಿಬಿಡಿ.

ಎಡ್ಮಂಟನ್ ಸೊಸೆ:
ಗಾಯಕ್ಕೆ ಉಪ್ಪು ಹಾಕಬೇಡಿ. ನೀವೇ ಹೇಳಿ.

ನಾಲ್ಕನೇ ಲೈನ್:
2025ರಲ್ಲಿ ಅದೇ ಎರಡು ತಂಡ, ಫ್ಲೋರಿಡಾ 4-2. ಅಲ್ಲಿ ಕುತ್ತಿಗೆ ಕೊಯ್ದದ್ದು ಮೂರನೇ ಲೈನ್: ಲುಂಡೆಲ್, ಲುವಸ್ಟರಿನೆನ್, ಜೊತೆಗೆ ಬಾಸ್ಟನ್‌ನಿಂದ ಮಾರ್ಚ್‌ನಲ್ಲಿ ಬಂದ ಮಾರ್ಶಾಂಡ್. ಎಡ್ಮಂಟನ್‌ನ ಒಳ್ಳೆಯ ಡಿಫೆನ್ಸ್ ಜೋಡಿ ಬಾರ್ಕೊವ್ ಲೈನ್ ನೋಡಬೇಕಾ, ಬೆನೆಟ್ ಮತ್ತು ಟಿಕಾಚುಕ್ ಲೈನ್ ನೋಡಬೇಕಾ? ಅಷ್ಟರಲ್ಲಿ ಮಾರ್ಶಾಂಡ್ ಆರು ಗೋಲು ಹೊಡೆದಾಗಿತ್ತು. ನಾನು ಹೇಳುತ್ತಾ ಬಂದದ್ದು ಇದನ್ನೇ. ಮೂರು ಲೈನ್ ಗೋಲು ಹೊಡೆಯುವ ಹಾಗಿದ್ದರೆ ಎದುರಿನ ಕೋಚ್‌ಗೆ ಲಾಸ್ಟ್ ಚೇಂಜ್ ಇದ್ದೂ ಇಲ್ಲದ ಹಾಗೆ.

ಹಳೇ ರೆಡ್‌ವಿಂಗ್:
ಅಂಥ ಮೂರು ಲೈನ್ ಎಷ್ಟು ತಂಡಕ್ಕೆ ಇದೆ? ಸಂಬಳದ ಮಿತಿ ಇರುವಾಗ ಹೆಚ್ಚಿನ ತಂಡಗಳಿಗೆ ಒಂದೂವರೆ ಲೈನ್ ಇರುತ್ತದೆ. ಒಂದೂವರೆ ಲೈನ್ ಇಟ್ಟುಕೊಂಡವನು ಮ್ಯಾಚಪ್ ಮಾಡದೆ ಇನ್ನೇನು ಮಾಡಬೇಕು.

ವ್ಯಾಂಕೂವರ್ ವಾಸು:
11 ಫಾರ್ವರ್ಡ್, 7 ಡಿಫೆನ್ಸ್ ಮಾಡಬಹುದು, ಟ್ಯಾಂಪಾದ ಜಾನ್ ಕೂಪರ್ ಥರ. ನಾಲ್ಕನೇ ಲೈನಿನಲ್ಲಿ ಒಂದು ಜಾಗ ಖಾಲಿ ಇರುತ್ತದೆ, ಅಲ್ಲಿಗೆ ಸ್ಟಾರ್ ಆಟಗಾರನನ್ನು ನಡುನಡುವೆ ಇಳಿಸಬಹುದು. ಅವನಿಗೆ ಹೆಚ್ಚುವರಿ ಶಿಫ್ಟ್ ಸಿಗುತ್ತದೆ, ಅವನ ಎದುರು ಆಗ ದುರ್ಬಲ ಲೈನ್ ಇರುವ ಸಾಧ್ಯತೆ ಜಾಸ್ತಿ. ತೊಂದರೆ ಅಂದರೆ ಡಿಫೆನ್ಸಿನ ಏಳನೆಯವನಿಗೆ ಜೋಡಿ ಇಲ್ಲ, ಯಾರ ಜೊತೆ ಯಾವಾಗ ಅಂತ ಗೊಂದಲ.

ಕೊಡಗಿನ ಸ್ಟಿಕ್:
ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತದೆ ಅಂತ ನಿರೀಕ್ಷೆ ಇರಲಿಲ್ಲ. ಕೊನೇ ಪ್ರಶ್ನೆ, ನಗಬೇಡಿ. ಆಫೀಸಿನವರು ರಾತ್ರಿ ಹತ್ತೂವರೆಗೆ ಆಡುವ ಒಂದು ಬಿಯರ್ ಲೀಗ್ (ಮೋಜಿಗೆ ಆಡುವ ಹವ್ಯಾಸಿ ಲೀಗ್) ತಂಡ ಮಾಡಿದ್ದಾರೆ. ನನಗೆ ಸ್ಕೇಟಿಂಗ್ ಅಷ್ಟಕ್ಕಷ್ಟೆ, ಸ್ಟಿಕ್ ಮಾತ್ರ ಸರಿಯಾಗಿ ಹಿಡಿಯುತ್ತೇನೆ. ಲೈನ್ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಗೋಲಿ ಬಿಟ್ಟು ಹತ್ತು ಜನ ಇದ್ದೇವೆ. ಇಬ್ಬರು ಚೆನ್ನಾಗಿ ಆಡುತ್ತಾರೆ, ಉಳಿದವರು ನನ್ನ ಥರ.

ಬ್ಲೂಲೈನ್ ಭಟ್:
ನಾಲ್ಕು ಡಿಫೆನ್ಸ್, ಮೂರು ಮೂರು ಜನರ ಎರಡು ಲೈನ್. ಚೆನ್ನಾಗಿ ಆಡುವ ಇಬ್ಬರನ್ನು ಒಂದೇ ಲೈನಿಗೆ ಹಾಕಬೇಡಿ, ಇನ್ನೊಂದು ಲೈನ್ ಇಳಿದಾಗ ನಿಮ್ಮ ಗೋಲಿ ಅಳುತ್ತಾನೆ. ಇಬ್ಬರನ್ನೂ ಸೆಂಟರ್ ಮಾಡಿ, ಯಾಕೆಂದರೆ ನಮ್ಮ ವಲಯದಲ್ಲಿ ಕೆಳಗಿಳಿದು ಡಿಫೆನ್ಸಿನವರಿಗೆ ಸಹಾಯ ಮಾಡಬೇಕಾದವನು ಸೆಂಟರ್, ಅತಿ ಜಾಸ್ತಿ ಓಡುವವನೂ ಅವನೇ. ನೀವು ವಿಂಗರ್ ಆಗಿ.

ಎಡ್ಮಂಟನ್ ಸೊಸೆ:
ಡಿಫೆನ್ಸ್‌ಗೆ ಹಿಮ್ಮುಖವಾಗಿ ಸ್ಕೇಟ್ ಮಾಡಲು ಬರುವವರನ್ನು ಹಾಕಿ. ಬರದವರನ್ನು ಹಾಕಿದರೆ ಏನಾಗುತ್ತದೆ ಅಂತ ನಮ್ಮ ಮಹಿಳೆಯರ ತಂಡದಲ್ಲಿ ನೋಡಿದ್ದೇನೆ, ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ.

ನಾಲ್ಕನೇ ಲೈನ್:
ಮತ್ತೆ ಲಾಸ್ಟ್ ಚೇಂಜ್, ಮ್ಯಾಚಪ್ ಅಂತ ಆಫೀಸಿನವರ ಹತ್ತಿರ ಭಾಷಣ ಬೇಡ. ಬಿಯರ್ ಲೀಗ್‌ನಲ್ಲಿ ಇರುವುದು ಒಂದೇ ಸಮಸ್ಯೆ, ಇಳಿದವನು ಎರಡು ನಿಮಿಷ ಆದರೂ ಬೆಂಚಿಗೆ ವಾಪಸ್ ಬರುವುದಿಲ್ಲ. ಅವನು ಹೆಚ್ಚಾಗಿ ನಿಮ್ಮ ಮ್ಯಾನೇಜರ್ ಆಗಿರುತ್ತಾನೆ. ಅವನನ್ನು ಕರೆಯುವ ಕೆಲಸ ಬೇರೆ ಯಾರಿಗಾದರೂ ವಹಿಸಿಬಿಡಿ.